ತಮ್ಮನಿಗೆ ಏನು ಬರೆಯಲಿ ಎಂದು ಕೇಳಿದವರಿಗೆ

ನಮಸ್ಕಾರ. ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಹಾಸನದಲ್ಲಿರುವ ತಮ್ಮ ತಾನೂ ಕೆಲಸ ಹುಡುಕಿಕೊಂಡು ಬರಲೇ ಎಂದು ಪದೇ ಪದೇ ಕೇಳುತ್ತಿದ್ದಾನೆ, ಇಲ್ಲಿನ ಬದುಕಿನ ಬಗ್ಗೆ ಅವನಿಗೆ ಏನೆಂದು ಬರೆಯಲಿ ಎಂದು ಕೇಳಿದ್ದೀರಿ. ಬಾ ಎಂದಾಗಲಿ ಬೇಡ ಎಂದಾಗಲಿ ಹೇಳುವುದು ನನ್ನ ಕೆಲಸವಲ್ಲ. ಅವನ ಓದು, ವೀಸಾ, ಮನೆಯ ಸಾಲ ಇವೆಲ್ಲ ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಆದರೆ ಊರಿಗೆ ಬರೆಯುವುದು ಹೇಗೆ ಎಂಬುದರ ಬಗ್ಗೆ, ನೀವೀಗ ಬಾಡಿಗೆಗಿರುವ ರಾಕ್ ಕೌಂಟಿಯಲ್ಲೇ ಸುಮಾರು 185 ವರ್ಷಗಳ ಹಿಂದೆ ನೆಲೆಸಿದ ನಾರ್ವೆಯ ಅಣ್ಣತಮ್ಮಂದಿರಿಬ್ಬರ ಕಥೆಯನ್ನು ಹೇಳದೆ ಉತ್ತರಿಸಲಾರೆ. ಈ ಭಾಗದ ವಲಸಿಗರ ಹಳೆಯ ಕಾಗದಪತ್ರಗಳನ್ನು ಓದುವ ಹುಚ್ಚು ನನಗೆ ಮೊದಲಿನಿಂದಲೂ ಇದೆ.

ಅಣ್ಣ ಊಲೆ ನಾಟೆಸ್ಟಾಡ್, ತಮ್ಮ ಆನ್‌ಸ್ಟೆನ್. ನಾರ್ವೆಯ ನೂಮೆದಾಲ್ ಕಣಿವೆಯ ರೈತರ ಮಕ್ಕಳು. 1837ರ ವಸಂತದಲ್ಲಿ, ಬೆಟ್ಟಗಳ ಮೇಲಿನ ಹಿಮ ಇನ್ನೂ ಕರಗದಿರುವಾಗ, ಕಾಲಿಗೆ ಸ್ಕೀ ಕಟ್ಟಿ ಬೆನ್ನಿಗೆ ಗಂಟು ಹೊತ್ತು ಪಶ್ಚಿಮ ಕರಾವಳಿಗೆ ಇಳಿದು, ಅಲ್ಲಿಂದ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋಗಿ, ಕಬ್ಬಿಣ ಹೇರಿಕೊಂಡು ಹೊರಟಿದ್ದ ಹಡಗಿನಲ್ಲಿ ಅಮೆರಿಕ ಸೇರಿದರು. ಒಳನಾಡಿನಲ್ಲಿ ಊಲೆ ರಿನ್ನಿಂಗ್ ಎಂಬ ಓದಿದ ತರುಣ ಮುಂದಾಳಾಗಿದ್ದ ನಾರ್ವೆಯವರ ಗುಂಪನ್ನು ಕೂಡಿಕೊಂಡು ಇಲಿನಾಯ್‌ನ ಬೀವರ್ ಕ್ರೀಕ್ ಎಂಬಲ್ಲಿ ತಳವೂರಿದರು.

ಆ ಚಳಿಗಾಲದಲ್ಲಿ ಕಾಲು ಮರಗಟ್ಟಿ ಹಾಸಿಗೆ ಹಿಡಿದ ರಿನ್ನಿಂಗ್, ಊರಿನ ರೈತರಿಗಾಗಿ ಅಮೆರಿಕದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಹೊರಡುವ ಮುನ್ನ ಜನ ಕೇಳುವ ಹದಿಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಒಂದೊಂದಕ್ಕೂ ನೇರ ಉತ್ತರ ಕೊಟ್ಟರು. ಚಳಿಗಾಲದಲ್ಲಿ ಗಟ್ಟಿ ಆಳಿಗೆ ದಿನಕ್ಕೆ ಅರ್ಧದಿಂದ ಒಂದು ಡಾಲರ್ ಕೂಲಿ, ಬೇಸಿಗೆಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಸರ್ಕಾರಿ ಜಮೀನು ಎಕರೆಗೆ ಒಂದೂಕಾಲು ಡಾಲರ್. ಹೊಸಬರನ್ನು ಕಾಯಿಲೆ ಹಿಡಿಯದೆ ಬಿಡುವುದಿಲ್ಲ ಎಂದೂ, ಗುಲಾಮಗಿರಿ ಈ ದೇಶಕ್ಕೆ ಕಳಂಕ ಎಂದೂ ಮುಚ್ಚುಮರೆಯಿಲ್ಲದೆ ಬರೆದರು. ಇಷ್ಟು ಪ್ರಾಮಾಣಿಕವಾಗಿ ಬರೆಯುವವರು ಇಂದಿಗೂ ಕಡಿಮೆ. 1838ರ ವಸಂತದಲ್ಲಿ ಆನ್‌ಸ್ಟೆನ್ ಈ ಹಸ್ತಪ್ರತಿಯನ್ನೂ ಅಣ್ಣನ ದಿನಚರಿಯನ್ನೂ ಹಿಡಿದು ನ್ಯೂ ಆರ್ಲಿಯನ್ಸ್, ಲಿವರ್‌ಪೂಲ್ ಮಾರ್ಗವಾಗಿ ಊರಿಗೆ ಮರಳಿದರು. ರಿನ್ನಿಂಗ್ ಪುಸ್ತಕ ಆ ವರ್ಷವೇ, ಅಣ್ಣನ ದಿನಚರಿ ಮರುವರ್ಷ ನಾರ್ವೆಯಲ್ಲಿ ಅಚ್ಚಾದವು.

ಅಷ್ಟರಲ್ಲಿ ಬೀವರ್ ಕ್ರೀಕ್‌ನಲ್ಲಿ ಆದದ್ದೇ ಬೇರೆ. ಜಾಗ ನೋಡಿದವರು ಮಳೆಯಿಲ್ಲದ ದಿನಗಳಲ್ಲಿ ನೋಡಿ ಒಪ್ಪಿದ್ದರು. ವಸಂತದಲ್ಲಿ ಹಿಮ ಕರಗಿದಾಗ ಅದು ಜೌಗಾಯಿತು, ಬೇಸಿಗೆಯಲ್ಲಿ ಮಲೇರಿಯಾ ಹಬ್ಬಿತು, ಅನೇಕರು ಸತ್ತರು, ರಿನ್ನಿಂಗ್ ಕೂಡ 1838ರ ಶರತ್ಕಾಲದಲ್ಲಿ ತೀರಿಕೊಂಡರು, ಉಳಿದವರು ಊರು ಬಿಟ್ಟರು. ಅತ್ತ ನಾರ್ವೆಯ ರೈತರು ಆತನ ಪುಸ್ತಕವನ್ನು ನಂಬಿ ಗಂಟುಮೂಟೆ ಕಟ್ಟುತ್ತಿದ್ದರು. ಪುಸ್ತಕದಲ್ಲಿ ಸುಳ್ಳಿರಲಿಲ್ಲ, ಆದರೆ ಅದು ಚಳಿಗಾಲದಲ್ಲಿ ಬರೆದದ್ದು. ಆದ್ದರಿಂದ ತಮ್ಮನಿಗೆ ನೀವು ಏನು ಬರೆದರೂ ಯಾವ ತಿಂಗಳ ಮಾತು ಎಂದು ಸೇರಿಸಿ, ಬಂದು ಎಷ್ಟು ದಿನವಾದ ಮೇಲೆ ಬರೆಯುತ್ತಿದ್ದೀರಿ ಎಂಬುದನ್ನೂ ಹೇಳಿ. ಜೂನ್ ತಿಂಗಳಲ್ಲಿ ಕೆರೆಯ ಪಕ್ಕ ನಿಂತು ತೆಗೆದ ಫೋಟೋ ನೋಡಿ ಅವನು ಜನವರಿಯನ್ನು ಊಹಿಸಲಾರ.

ಇನ್ನೊಂದು ಸಂಗತಿ, ಕಾಗದದ ಬೆಲೆ. 1845ರವರೆಗೆ ಅಮೆರಿಕದ ಅಂಚೆಯಲ್ಲಿ ದರವನ್ನು ಹಾಳೆಯ ಲೆಕ್ಕದಲ್ಲಿ, ದೂರದ ಲೆಕ್ಕದಲ್ಲಿ ಹಾಕುತ್ತಿದ್ದರು. 400 ಮೈಲಿ ದಾಟಿದರೆ ಒಂದು ಹಾಳೆಗೆ 25 ಸೆಂಟ್. ಹಡಗಿನ ಖರ್ಚು ಬೇರೆ. ಚಳಿಗಾಲದ ಅರ್ಧ ಡಾಲರ್ ಕೂಲಿಯವನಿಗೆ ಅದು ಅರ್ಧ ದಿನದ ದುಡಿಮೆ. ಲಕೋಟೆ ಹಾಕಿದರೆ ಅದನ್ನೂ ಒಂದು ಹಾಳೆಯೆಂದೇ ಎಣಿಸುತ್ತಿದ್ದರಿಂದ, ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ ಮುಚ್ಚಿ, ಹೊರಮೈ ಮೇಲೆ ವಿಳಾಸ ಬರೆಯುತ್ತಿದ್ದರು. ಜಾಗ ಸಾಲದಿದ್ದರೆ ಕೆಲವರು ಹಾಳೆಯನ್ನು ಅಡ್ಡ ತಿರುಗಿಸಿ ಮೊದಲಿನ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಹೀಗೆ ಬಂದ ಪತ್ರ ಮನೆಯವರ ಕೈಯಲ್ಲೇ ಉಳಿಯುತ್ತಿರಲಿಲ್ಲ. ನಾರ್ವೆಯ ಹಾರ್ಡಾಂಗರ್ ಕಡೆಯಿಂದ 1831ರಲ್ಲಿ ಅಮೆರಿಕಕ್ಕೆ ಬಂದ ಗ್ಯರ್ಟ್ ಹೋವ್‌ಲಾಂಡ್ ಎಂಬಾತನ ಪತ್ರಗಳನ್ನು ಜನ ಕೈಯಿಂದ ನಕಲು ಮಾಡಿಕೊಂಡು ಊರಿಂದೂರಿಗೆ ದಾಟಿಸಿದ್ದರು. ಊರೆಲ್ಲ ಓದುತ್ತದೆ ಎಂದು ಗೊತ್ತಿದ್ದ ಮೇಲೆ ಸೋತ ಮಾತನ್ನು ಬರೆಯುವವರು ಎಷ್ಟು ಜನ? ನಿಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪ, ಸೋದರತ್ತೆ, ಭಾವನ ಕಡೆಯವರು ಎಲ್ಲರೂ ಇರುತ್ತಾರೆ. ಅಲ್ಲಿ ಹೇಳುವುದು ಬೇರೆ, ತಮ್ಮನೊಬ್ಬನಿಗೇ ಹೇಳಬೇಕಾದದ್ದು ಬೇರೆ ಎಂಬುದು ನೆನಪಿರಲಿ.

ಆನ್‌ಸ್ಟೆನ್ ಊರಿನಲ್ಲಿದ್ದಾಗ ಅಮೆರಿಕದ ಸುದ್ದಿ ಕೇಳಲು ಜನ 200 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದರಂತೆ, ಬಂದ ಪತ್ರಗಳಿಗೆಲ್ಲ ಉತ್ತರಿಸಲು ಸಾಧ್ಯವೇ ಆಗಲಿಲ್ಲವಂತೆ. ಇತ್ತ ಅಣ್ಣ 1838ರ ಜುಲೈನಲ್ಲಿ ರಾಕ್ ಕೌಂಟಿಯ ಈಗಿನ ಕ್ಲಿಂಟನ್ ಬಳಿಯ ಜೆಫರ್ಸನ್ ಪ್ರೇರಿ ಎಂಬ ಹುಲ್ಲುಗಾವಲಿಗೆ ಬಂದು ಗುಡಿಸಲು ಕಟ್ಟಿಕೊಂಡರು. ಸುತ್ತ ಕೆಲವೇ ಅಮೆರಿಕನ್ನರು. ಸುಮಾರು ಒಂದು ವರ್ಷ ತನ್ನ ನಾಡಿನವರೊಬ್ಬರ ಮುಖವನ್ನೂ ಕಾಣಲಿಲ್ಲ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. (ಆ ನೆಲ ಖಾಲಿ ಸಿಕ್ಕಿದ್ದು ತಾನಾಗಿ ಅಲ್ಲ. ಹೋ-ಚಂಕ್ ಮೊದಲಾದ ಮೂಲನಿವಾಸಿಗಳನ್ನು ಅಲ್ಲಿಂದ ಒಕ್ಕಲೆಬ್ಬಿಸಿ ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ.) 1839ರಲ್ಲಿ ಆನ್‌ಸ್ಟೆನ್ ನೂರಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಬಂದ ಮೇಲೆಯೇ ಅದು ಊರಾಯಿತು. ಒಂಟಿತನದ ಆ ವರ್ಷವನ್ನು ಸುಲಭವಾಗಿ ದಾಟಿಬಿಡಬೇಡಿ, ಏಕೆಂದರೆ ನಿಮ್ಮ ತಮ್ಮನಿಗೆ ಸಂಬಳಕ್ಕಿಂತ ಅದರ ಬಗ್ಗೆ ತಿಳಿಯುವುದು ಹೆಚ್ಚು ಅಗತ್ಯ.

ರಿನ್ನಿಂಗ್ ಮಾಡಿದಂತೆ ಪ್ರಶ್ನೆಗಳಿಂದಲೇ ತೊಡಗಿ. ಕೇಳಬೇಕಾದ್ದನ್ನೆಲ್ಲ ಬರೆದು ಕಳುಹಿಸು ಎಂದು ತಮ್ಮನಿಗೆ ಹೇಳಿ. ಸಂಬಳ ಹೇಳುವಾಗ ಜೊತೆಯಲ್ಲೇ ಬಾಡಿಗೆ, ಮುಂಗಡ, ಕಾರಿನ ವಿಮೆ, ಆರೋಗ್ಯ ವಿಮೆ ಇದ್ದೂ ಕೈಯಿಂದ ಕೊಡಬೇಕಾಗುವ ಮೊತ್ತ ಇವನ್ನೂ ಹೇಳಿ. ರೂಪಾಯಿಗೆ ತಿರುಗಿಸಿ ಹೇಳಬೇಡಿ, ಅದರಿಂದ ಊರಿನಲ್ಲಿ ಭ್ರಮೆ ಹುಟ್ಟುತ್ತದೆಯೇ ಹೊರತು ಲೆಕ್ಕ ತಿಳಿಯುವುದಿಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಸಿಗುವವರೆಗೆ ನೀವು ಕಳೆದ ತಿಂಗಳುಗಳಿದ್ದರೆ ಅವುಗಳ ಖರ್ಚನ್ನೂ ಬರೆಯಿರಿ. ಚಳಿಗಾಲ ಪೂರ್ತಿ ಕಳೆಯುವವರೆಗೆ ಅವನ ಕೊನೆಯ ಪ್ರಶ್ನೆಗೆ, ಅಂದರೆ ಬರಲೇ ಎಂಬುದಕ್ಕೆ, ಉತ್ತರ ಕೊಡಬೇಡಿ. ಮಾರ್ಚ್ ಕಳೆದ ಮೇಲೆ ಇನ್ನೊಮ್ಮೆ ಬರೆಯಿರಿ. ಆಗ ಬೇಕಾದರೆ ಅವನ ಪ್ರಶ್ನೆಗಳನ್ನು ಇಟ್ಟುಕೊಂಡು ಇಬ್ಬರೂ ಕೂತು ಮಾತಾಡೋಣ.