ಸಂಪಾದಕರ ಉತ್ತರ: ಗುರುಗಳನ್ನು ಕರೆಯಲು ಕೊನೆಯ ಗಳಿಗೆಗೆ ಕಾಯಬೇಡಿ

(ನಗರದ ಕಥೋಲಿಕ ಧರ್ಮಕೇಂದ್ರವೊಂದಕ್ಕೆ, ಅಂದರೆ ಚರ್ಚಿಗೆ, ಸೇರಿದ ಓದುಗರೊಬ್ಬರ ಪತ್ರದ ಸಾರಾಂಶ: ಪಾರ್ಶ್ವವಾಯು ಬಡಿದು ತಂದೆ 14 ತಿಂಗಳು ಹಾಸಿಗೆ ಹಿಡಿದಿದ್ದರು. ಅಷ್ಟು ದಿನಗಳಲ್ಲಿ ಅವರಿಗೆ ಪರಮಪ್ರಸಾದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ಸಿಕ್ಕಿದ್ದು ಎರಡೇ ಸಲ. ಕೈಗೆ ಜಪಸರ ಕೊಟ್ಟರೆ ಬಿಡುತ್ತಲೇ ಇರಲಿಲ್ಲ. ಆದರೂ ‘ಫಾದರ್ ಎಣ್ಣೆ ಹಚ್ಚಲು ಬಂದರೆ ತನ್ನ ಕಾಲ ಮುಗಿಯಿತೆಂದು ಅಪ್ಪ ಹೆದರುತ್ತಾರೆ’ ಎಂದು ಮನೆಯವರು ಅಭ್ಯಂಗದ, ಅಂದರೆ ಗುರುಗಳು ಅಸ್ವಸ್ಥರಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರದ, ಮಾತೆತ್ತಲಿಲ್ಲ. ಕೊನೆಗೆ ಐಸಿಯುನಲ್ಲಿ ವೆಂಟಿಲೇಟರ್ ಹಾಕಿದ ಮೇಲೆ ಗುರುಗಳು ಬಂದು ಹಣೆಗೆ ಮಾತ್ರ ತೈಲ ಹಚ್ಚಿದರು. ತಂದೆಗೆ ಅರಿವಿರಲಿಲ್ಲ, ಮರುದಿನ ತೀರಿಕೊಂಡರು. ಆ ಸಂಸ್ಕಾರ ನಿಜಕ್ಕೂ ಅವರಿಗೆ ಸಂದಿತೇ? ತಪ್ಪು ಯಾರದು? ಅಮ್ಮನಿಗೆ ಈಗ 79, ಗಂಭೀರ ಕಾಯಿಲೆಯಿಲ್ಲ, ಆದರೆ ಮೆಟ್ಟಿಲು ಇಳಿಯಲಾರರು. ಅವರಿಗಾಗಿ ಏನು ಮಾಡಬೇಕು?)

ಪ್ರಿಯ ಸಹೋದರಿ,

ನಿಮ್ಮನ್ನು ಹೆಚ್ಚು ನೋಯಿಸುತ್ತಿರುವ ಪ್ರಶ್ನೆಯಿಂದಲೇ ಶುರುಮಾಡುತ್ತೇವೆ. ಹೌದು, ನಿಮ್ಮ ತಂದೆಯವರಿಗೆ ಸಂದದ್ದು ಪೂರ್ಣ ಸಂಸ್ಕಾರವೇ. ಅರಿವಿದ್ದಾಗ ಬಾಯಿಬಿಟ್ಟು ಕೇಳದಿದ್ದರೂ, ಮನಸ್ಸಿನಲ್ಲಿ ಬಯಸಿರುತ್ತಿದ್ದರು ಎನ್ನುವಂತೆ ಬದುಕಿದವರಿಗೆ ಅಭ್ಯಂಗ ಕೊಡಬೇಕೆಂದು ಧರ್ಮಸಭೆಯ ಕಾನೂನುಸಂಹಿತೆಯ 1006ನೇ ವಿಧಿ ಹೇಳುತ್ತದೆ. ಕೈಯಲ್ಲಿ ಜಪಸರ ಹಿಡಿದು ಮಲಗಿದ್ದವರ ಬಯಕೆಗೆ ಬೇರೆ ಸಾಕ್ಷಿ ಬೇಕಿಲ್ಲ. ಹಣೆಗೆ ಮಾತ್ರ ಹಚ್ಚಿದರೆಂಬ ಅಳುಕೂ ಬೇಡ. ರೂಢಿಯ ಕ್ರಮದಲ್ಲಿ ಹಣೆಗೂ ಎರಡೂ ಅಂಗೈಗಳಿಗೂ ಹಚ್ಚುತ್ತಾರೆ. ತುರ್ತಿನಲ್ಲಿ ಪೂರ್ಣ ಪ್ರಾರ್ಥನೆ ಹೇಳಿ ಹಣೆಗೆ ಒಂದು ಸಲ ಹಚ್ಚಿದರೂ ಸಾಕು. ಕೈಗಳಲ್ಲಿ ಸೂಜಿ, ಟೇಪು ತುಂಬಿರುವ ಐಸಿಯುನಲ್ಲಿ ಗುರುಗಳು ಬಹುತೇಕ ಹಾಗೆಯೇ ಮಾಡುತ್ತಾರೆ. ಸೋಂಕಿನ ಭಯವಿದ್ದರೆ ಬೆರಳಿನ ಬದಲು ಹತ್ತಿಯ ಕಡ್ಡಿಯಿಂದ ಹಚ್ಚುವುದಕ್ಕೂ ಅನುಮತಿ ಇದೆ.

ಆದರೆ ನಿಮ್ಮ ತಂದೆ ಕಳೆದುಕೊಂಡದ್ದೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅರಿವಿದ್ದಾಗಲೇ ಗುರುಗಳು ಬಂದಿದ್ದರೆ ಅವರು ಪಾಪನಿವೇದನೆ ಮಾಡಬಹುದಿತ್ತು, ಪ್ರಾರ್ಥನೆಗೆ ತಾವೇ ‘ಆಮೆನ್’ ಎನ್ನಬಹುದಿತ್ತು, ಕೊನೆಯ ಪರಮಪ್ರಸಾದವನ್ನು ನುಂಗಬಹುದಿತ್ತು. ವೆಂಟಿಲೇಟರಿನ ಕೊಳವೆ ಬಾಯಿಗೆ ಇಳಿದ ಮೇಲೆ ಈ ಮೂರಕ್ಕೂ ದಾರಿಯಿಲ್ಲ.

ನಿಮ್ಮ ಮನೆಯವರ ಹೆದರಿಕೆಗೆ ಒಂದು ಹಳೆಯ ಹೆಸರೂ ಕಾರಣ. ನಮ್ಮ ಅಜ್ಜಿ ತಾತಂದಿರು ಇದನ್ನು ‘ಅಂತ್ಯಾಭ್ಯಂಗ’ ಎಂದೇ ಕರೆಯುತ್ತಿದ್ದರು. ಮಧ್ಯಯುಗದಲ್ಲಿ ಈ ಸಂಸ್ಕಾರವನ್ನು ಸಾವಿನ ಅಂಚಿಗೆ ಮುಂದೂಡುವ ರೂಢಿ ಬೆಳೆಯಿತು, ಹೆಸರೂ ಅದಕ್ಕೆ ತಕ್ಕಂತೆ ಅಂಟಿಕೊಂಡಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ‘ಅಸ್ವಸ್ಥರ ಅಭ್ಯಂಗ’ ಎನ್ನುವುದೇ ಹೆಚ್ಚು ಸೂಕ್ತ, ಇದು ಸಾಯುತ್ತಿರುವವರಿಗೆ ಮಾತ್ರ ಮೀಸಲಲ್ಲ ಎಂದಿತು. 1972ರಲ್ಲಿ ಪೋಪ್ ಆರನೇ ಪೌಲ್ ಅದರ ಕ್ರಮವನ್ನೇ ಹೊಸದಾಗಿ ರೂಪಿಸಿದರು. ಗುರುಗಳು ತೈಲ ಹಚ್ಚುವಾಗ ಏನು ಹೇಳುತ್ತಾರೆಂದು ಒಮ್ಮೆ ಕಿವಿಗೊಟ್ಟು ಕೇಳಿ: ಪವಿತ್ರಾತ್ಮರ ಕೃಪೆಯಿಂದ ಪ್ರಭು ನಿನಗೆ ನೆರವಾಗಲಿ, ಪಾಪಗಳಿಂದ ಬಿಡಿಸಿ ನಿನ್ನನ್ನು ಉದ್ಧರಿಸಲಿ, ಎಬ್ಬಿಸಿ ನಿಲ್ಲಿಸಲಿ ಎಂಬುದೇ ಅದರ ಸಾರ. ಅದರಲ್ಲಿ ಸಾವಿನ ಮಾತೇ ಇಲ್ಲ.

ಹಾಗಾದರೆ ಕೊನೆಯ ಸಂಸ್ಕಾರ ಯಾವುದು? ಅದು ಪರಮಪ್ರಸಾದ. ಸಾವು ಹತ್ತಿರವಾದವರಿಗೆ ಕೊಡುವ ಪರಮಪ್ರಸಾದಕ್ಕೆ ಲತೀನಿನಲ್ಲಿ ‘ವಿಯಾತಿಕುಮ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ದಾರಿಬುತ್ತಿ. ದೂರದ ಊರಿಗೆ ಹೊರಟವರನ್ನು ಬುತ್ತಿ ಕಟ್ಟದೆ ಕಳಿಸುವುದಿಲ್ಲವಲ್ಲ! ಆ ದಿನ ಬೆಳಗ್ಗೆಯೇ ಪರಮಪ್ರಸಾದ ಸ್ವೀಕರಿಸಿದ್ದವರಿಗೂ ಸಂಜೆ ಪ್ರಾಣಾಪಾಯವಾದರೆ ಮತ್ತೆ ಕೊಡುತ್ತಾರೆ. ಕ್ರಮ ಹೀಗೆ: ಮೊದಲು ಪಾಪನಿವೇದನೆ, ಆಮೇಲೆ ಅಭ್ಯಂಗ, ಕೊನೆಗೆ ಬುತ್ತಿ.

ಅಭ್ಯಂಗಕ್ಕೆ ಸರಿಯಾದ ಹೊತ್ತು ಕಾಯಿಲೆ ಗಂಭೀರವೆಂದು ವೈದ್ಯರು ಹೇಳಿದ ದಿನವೇ. ದೊಡ್ಡ ಕಾಯಿಲೆಗೆ ಶಸ್ತ್ರಚಿಕಿತ್ಸೆ ಇದ್ದರೆ ಅದಕ್ಕೆ ಮುಂಚೆ. ಹೇಳಿಕೊಳ್ಳುವಂಥ ಕಾಯಿಲೆ ಇಲ್ಲದಿದ್ದರೂ ವಯಸ್ಸಿನಿಂದ ತೀರಾ ಬಲಗುಂದಿದವರಿಗೂ ಕೊಡಬಹುದು. ಒಮ್ಮೆ ಪಡೆದರೆ ಮುಗಿಯಿತೆಂದಲ್ಲ. ಗುಣವಾಗಿ ಮತ್ತೆ ಬಿದ್ದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ನಿಮ್ಮ ತಂದೆಗೆ ಪಾರ್ಶ್ವವಾಯು ಬಡಿದ ವಾರ ಒಮ್ಮೆ, ಸ್ಥಿತಿ ಬಿಗಡಾಯಿಸಿದಾಗ ಇನ್ನೊಮ್ಮೆ ಕೊಡಬಹುದಿತ್ತು. ಮೊದಲ ಸಲ ತೈಲ ಹಚ್ಚಿಸಿಕೊಂಡು ತಿಂಗಳುಗಟ್ಟಲೆ ಬದುಕಿರುವವರು ಎರಡನೆಯ ಸಲ ಗುರುಗಳನ್ನು ಕಂಡು ಹೆದರುವುದಿಲ್ಲ. ಹೆದರಿಕೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ತಪ್ಪು ಯಾರದು ಎಂದು ಕೇಳಿದ್ದೀರಿ. ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಕರೆಯದಿದ್ದದ್ದು ನಿಮ್ಮದು, ಕರೆಯುವ ತನಕ ಕಾದದ್ದು ಧರ್ಮಕೇಂದ್ರದ್ದು. ಎರಡನೆಯದು ದೊಡ್ಡದು. ಭಾನುವಾರದ ಪೂಜೆಗೆ ಪ್ರತಿ ವಾರ ಬರುತ್ತಿದ್ದ ಹಿರಿಯರೊಬ್ಬರು 14 ತಿಂಗಳು ಕಾಣದಿದ್ದರೂ ಯಾರೂ ತಾವಾಗಿಯೇ ವಿಚಾರಿಸಲಿಲ್ಲವೆಂದರೆ ಅಲ್ಲಿ ಪಟ್ಟಿಯೇ ಇಲ್ಲವೆಂದು ಅರ್ಥ.

ಲೆಕ್ಕ ಹಾಕಿ ನೋಡೋಣ. ಒಂದು ಧರ್ಮಕೇಂದ್ರದಲ್ಲಿ ಮನೆಯಿಂದ ಹೊರಬರಲಾಗದವರು 40 ಮಂದಿ ಎಂದಿಟ್ಟುಕೊಳ್ಳಿ. ಓಡಾಟ, ಗೇಟು, ಲಿಫ್ಟು, ಪ್ರಾರ್ಥನೆ ಸೇರಿ ಒಂದು ಮನೆಗೆ ಅರ್ಧ ಗಂಟೆ ಹಿಡಿದರೂ ಒಟ್ಟು 20 ಗಂಟೆ. ಒಬ್ಬರೇ ಗುರುಗಳು ಪ್ರತಿ ವಾರ ಇದನ್ನು ಮಾಡಲಾರರು, ಮಾಡಬೇಕೆಂದು ಕೇಳುವುದೂ ಸಲ್ಲದು. ಇದಕ್ಕೇ ಪರಮಪ್ರಸಾದ ಕೊಂಡೊಯ್ಯುವ ಶ್ರೀಸಾಮಾನ್ಯ ಸೇವಕರನ್ನು ನೇಮಿಸಲು 1973ರಲ್ಲೇ ಧರ್ಮಸಭೆ ದಾರಿ ಮಾಡಿಕೊಟ್ಟಿತು. 12 ಸೇವಕರಿದ್ದರೆ ಒಬ್ಬೊಬ್ಬರಿಗೆ ಮೂರ್ನಾಲ್ಕು ಮನೆ. ಗುರುಗಳು ಪಾಪನಿವೇದನೆ ಮತ್ತು ಅಭ್ಯಂಗಕ್ಕಾಗಿ ಸರದಿಯಂತೆ ಎಲ್ಲ ಮನೆಗಳಿಗೂ ಹೋಗಿಬರಬಹುದು. ಅಭ್ಯಂಗ ಕೊಡುವ ಅಧಿಕಾರ ಗುರುಗಳಿಗೆ ಮಾತ್ರ. ಸೇವಕರು ಯಾವುದೋ ಎಣ್ಣೆ ತಂದು ಹಣೆಗೆ ಸವರಿ ಪ್ರಾರ್ಥಿಸುವುದು ಕೆಲವೆಡೆ ಕಾಣುತ್ತದೆ. ಸದುದ್ದೇಶವೇ ಇರಬಹುದು, ಆದರೆ ‘ಅಭ್ಯಂಗ ಆಯಿತಲ್ಲ’ ಎಂದು ಮನೆಯವರು ಗುರುಗಳನ್ನು ಕರೆಯದೆ ಉಳಿದುಬಿಡುತ್ತಾರೆ. ಆದ್ದರಿಂದ ಅದು ಕೂಡದು.

ಈ ಸೇವೆ ಹೊಸದೇನಲ್ಲ. ಸುಮಾರು 155ರಲ್ಲಿ ಸಂತ ಜಸ್ಟಿನ್ ರೋಮಿನಲ್ಲಿ ಬರೆದ ವಿವರಣೆಯಲ್ಲಿ, ಭಾನುವಾರದ ಸಭೆಗೆ ಬಾರದವರಿಗೆ ಉಪಯಾಜಕರು ಪ್ರಸಾದ ಕೊಂಡೊಯ್ಯುತ್ತಾರೆ ಎಂಬ ಮಾತಿದೆ. ಇಂದು ಅದನ್ನು ಕಣ್ಣಿಗೆ ಕಾಣುವಂತೆ ಮಾಡುವ ಸರಳ ದಾರಿಯೊಂದಿದೆ. ಭಾನುವಾರದ ಪೂಜೆಯಲ್ಲಿ ಪರಮಪ್ರಸಾದ ಹಂಚಿ ಮುಗಿದ ಕೂಡಲೇ ಸೇವಕರು ಬಲಿಪೀಠದ ಬಳಿಗೆ ಬರಲಿ. ಗುರುಗಳು ಎಲ್ಲರ ಮುಂದೆ ಅವರ ಕೈಗೆ ಪಿಕ್ಸ್ ಕೊಟ್ಟು ಕಳಿಸಲಿ. ಪಿಕ್ಸ್ ಎಂದರೆ ಬಿಗಿಯಾದ ಮುಚ್ಚಳವಿರುವ ಪುಟ್ಟ ಲೋಹದ ಡಬ್ಬಿ. ಅದನ್ನು ಚೀಲದಲ್ಲಿಟ್ಟು ಕತ್ತಿಗೆ ಹಾಕಿಕೊಳ್ಳಬೇಕು. ಬೀಗದ ಕೈ, ಮೊಬೈಲಿನ ಜೊತೆ ಕೈಚೀಲಕ್ಕೆ ತುರುಕುವುದಲ್ಲ. ದಾರಿಯಲ್ಲಿ ತರಕಾರಿ ಕೊಳ್ಳುವುದು, ತಿಂಡಿಗೆ ನಿಲ್ಲುವುದು ಸಲ್ಲದು. ಬಲಿಪೀಠದಿಂದ ನೇರವಾಗಿ ಅಸ್ವಸ್ಥರ ಮನೆಗೇ ಹೋಗಬೇಕೆಂದು ವ್ಯಾಟಿಕನ್ನಿನ 2004ರ ಸೂಚನೆಯೂ ಹೇಳುತ್ತದೆ. ಮನೆಯಲ್ಲಿ ಯಾರೂ ಸಿಗದಿದ್ದರೆ ಪ್ರಸಾದವನ್ನು ದೇವಾಲಯದ ಪ್ರಸಾದ ಪೆಟ್ಟಿಗೆಗೆ ಮರಳಿಸಬೇಕು, ನಾಳೆ ಕೊಟ್ಟರಾಯಿತೆಂದು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ನಿಮ್ಮ ಕಡೆಯ ಸಿದ್ಧತೆಗೆ ಬರೋಣ. ಹಾಸಿಗೆಯಲ್ಲಿ ಮಲಗಿದವರಿಗೆ ಕಾಣುವ ಕಡೆ ಸಣ್ಣ ಮೇಜು, ಅದರ ಮೇಲೆ ಒಗೆದ ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಒಂದು ಲೋಟ ಕುಡಿಯುವ ನೀರು, ಒಂದು ಚಮಚ. ಇಷ್ಟೇ. ಒಂದು ಎಚ್ಚರಿಕೆ: ಮನೆಯಲ್ಲಿ ಆಮ್ಲಜನಕ ಕೊಡುತ್ತಿದ್ದರೆ ಮೇಣದಬತ್ತಿಯನ್ನು ಹಚ್ಚಲೇಬೇಡಿ. ಮೂಗಿನ ಕೊಳವೆಯಿಂದ ಸೋರುವ ಆಮ್ಲಜನಕ ಹೊದಿಕೆ, ದಿಂಬಿನಲ್ಲಿ ತುಂಬಿಕೊಂಡಿರುತ್ತದೆ, ಒಂದು ಕಿಡಿ ಸಾಕು. ಹಚ್ಚದ ಬತ್ತಿಯಿಂದ ಪ್ರಾರ್ಥನೆಗೇನೂ ಕೊರತೆಯಾಗದು.

ಟಿವಿ ಮೊದಲೇ ಆರಿಸಿಡಿ. ಪಿಕ್ಸ್ ಹೊತ್ತು ಬಂದವರಿಗೆ ಬಾಗಿಲಲ್ಲೇ ಕಾಫಿ ಕೇಳಬೇಡಿ, ಪ್ರಾರ್ಥನೆ ಮುಗಿದ ಮೇಲೆ ಕೊಡಿ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸವೆಂಬ ನಿಯಮ ವೃದ್ಧರಿಗೂ ಅಸ್ವಸ್ಥರಿಗೂ ಅವರ ಆರೈಕೆ ಮಾಡುವವರಿಗೂ ಅನ್ವಯಿಸುವುದಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರನ್ನು ಹಸಿವಿನಲ್ಲಿ ಕೂರಿಸಬೇಡಿ. ಅಮ್ಮನನ್ನು ಬಿಟ್ಟು ಪೂಜೆಗೆ ಹೋಗಲಾಗದ ನೀವೂ ಅಲ್ಲೇ ಸ್ವೀಕರಿಸಬಹುದು. ಸೇವಕರಿಗೆ ಹಿಂದಿನ ದಿನವೇ ತಿಳಿಸಿದರೆ ಲೆಕ್ಕಕ್ಕೆ ಸರಿಯಾಗಿ ತರುತ್ತಾರೆ.

ಹೆಚ್ಚು ಎಡವುವುದು ನುಂಗುವ ವಿಷಯದಲ್ಲಿ. ಪಾರ್ಶ್ವವಾಯುವಿನಲ್ಲಿ ಗಂಟಲಿನ ಸ್ನಾಯುಗಳೂ ಸೋಲುವುದುಂಟು. ಒಣ ಓಸ್ತಿ (ಪರಮಪ್ರಸಾದದ ತೆಳು ರೊಟ್ಟಿ) ಅಂಗುಳಕ್ಕೆ ಅಂಟಿಕೊಂಡು ಕೆಮ್ಮು ಬಂದು ಉಸಿರು ಸಿಕ್ಕಿಕೊಳ್ಳಬಹುದು. ಮೊದಲು ವೈದ್ಯರನ್ನೋ ನರ್ಸನ್ನೋ ಕೇಳಿ. ಅವರು ಒಪ್ಪಿದರೆ, ಪೂಜೆಯಲ್ಲಿ ಇನ್ನೂ ಅರ್ಪಿಸದ ಸಾದಾ ಓಸ್ತಿಯ ಚೂರನ್ನು ಹಿಂದಿನ ದಿನ ಕೊಟ್ಟು ನೋಡಿ. ಇಡೀ ಪ್ರಸಾದವೇ ಬೇಕೆಂದಿಲ್ಲ, ಅಕ್ಕಿಕಾಳಿನಷ್ಟು ಚೂರಿನಲ್ಲೂ ಕ್ರಿಸ್ತರು ಪೂರ್ಣವಾಗಿ ಇದ್ದಾರೆ. ತಲೆದಿಂಬು ಎತ್ತರಿಸಿ ಕೂರಿಸಿ, ಆ ಚೂರನ್ನು ಚಮಚದ ನೀರಿನಲ್ಲಿ ನೆನೆಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಿಸಿ ಕೊಡಬೇಕು. ತಲೆ ಹಿಂದಕ್ಕೆ ಚಾಚಿದರೆ ಶ್ವಾಸನಾಳಕ್ಕೆ ಜಾರುವ ಅಪಾಯ ಹೆಚ್ಚು. ನೀರು ತೆಳ್ಳಗಿದ್ದರೆ ಕೆಮ್ಮು ಬರುತ್ತದೆಂದು ವೈದ್ಯರು ಗಟ್ಟಿ ದ್ರವವನ್ನಷ್ಟೇ ಹೇಳಿದ್ದರೆ ಚಮಚದ ನೀರೂ ಬೇಡ, ಅವರು ಹೇಳಿದಂತೆಯೇ ನಡೆಯಿರಿ. ನುಂಗಿದ ಮೇಲೆ ಬಾಯೊಳಗೆ ಉಳಿದಿದೆಯೇ ಎಂದು ನೋಡಿ. ಉಗುಳಿಬಿಟ್ಟರೆ ಗಾಬರಿಯಾಗಬೇಡಿ, ಗದರಲೂ ಬೇಡಿ. ಅದನ್ನು ಶುಭ್ರ ಬಟ್ಟೆಯಲ್ಲಿ ತೆಗೆದು ಸೇವಕರಿಗೆ ಕೊಡಿ. ಅವರು ನೀರಿನಲ್ಲಿ ಪೂರ್ತಿ ಕರಗಿಸಿ, ಯಾರೂ ತುಳಿಯದ ಮಣ್ಣಿಗೆ ಸುರಿಯುತ್ತಾರೆ. ಘನ ಆಹಾರ ಏನೂ ಆಗದವರಿಗೆ ಪವಿತ್ರ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡುವುದಕ್ಕೂ ಕಾನೂನುಸಂಹಿತೆಯ 925ನೇ ವಿಧಿ ಒಪ್ಪುತ್ತದೆ. ಅದನ್ನು ಗುರುಗಳೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು.

ಮರೆವಿನ ಕಾಯಿಲೆಯವರಿಗೆ ‘ಏನೂ ತಿಳಿಯುವುದಿಲ್ಲ’ ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಅವರು ಚಿಕ್ಕಂದಿನಲ್ಲಿ ಕಲಿತ ಭಾಷೆಯಲ್ಲೇ ‘ನಮೋ ಮರಿಯಾ’ ಶುರುಮಾಡಿ ನೋಡಿ. ಮಕ್ಕಳ ಹೆಸರು ಮರೆತ ತುಟಿಗಳೂ ಅದನ್ನು ಮುಂದುವರಿಸುವುದುಂಟು. ನಗರದ ಧರ್ಮಕೇಂದ್ರಗಳಲ್ಲಿ ನಾಲ್ಕಾರು ಭಾಷೆಯವರು ಇರುತ್ತಾರೆ. ಆದ್ದರಿಂದ ಅಸ್ವಸ್ಥರ ಪಟ್ಟಿಯಲ್ಲಿ ‘ಪ್ರಾರ್ಥನೆಯ ಭಾಷೆ’ ಎಂಬ ಒಂದು ಕಲಂ ಇರಲೇಬೇಕು. ಪಟ್ಟಿಯನ್ನು ತಿಂಗಳಿಗೊಮ್ಮೆ ತಿದ್ದಬೇಕು. ತಿದ್ದದ ಪಟ್ಟಿ ಹಿಡಿದು ಹೋಗಿ, ತೀರಿಕೊಂಡವರ ಹೆಸರು ಹೇಳಿ ಬಾಗಿಲು ತಟ್ಟಿದರೆ ಆ ಮನೆಯವರಿಗೆ ಹೇಗಾಗಬೇಡ!

ಆಸ್ಪತ್ರೆಯಿಂದ ಕರೆ ಮಾಡುವಾಗ ‘ಅಪ್ಪನಿಗೆ ಹುಷಾರಿಲ್ಲ, ಬನ್ನಿ’ ಎಂದರೆ ಸಾಲದು. ಹೆಸರು, ವಾರ್ಡು, ಹಾಸಿಗೆ ಸಂಖ್ಯೆ, ಅರಿವಿದೆಯೇ, ನುಂಗಬಲ್ಲರೇ, ಗೇಟಿನಲ್ಲಿ ಯಾರು ಕಾಯುತ್ತಾರೆ, ಅವರ ಫೋನ್ ಸಂಖ್ಯೆ, ಇಷ್ಟನ್ನೂ ಹೇಳಿ. ಐಸಿಯು ನರ್ಸಿಗೆ ಮೊದಲೇ ತಿಳಿಸಿ ಹೊತ್ತು ಗೊತ್ತುಮಾಡಿಕೊಳ್ಳಿ. ದಾಖಲಾತಿ ಅರ್ಜಿಯಲ್ಲಿ ಧರ್ಮ ಬರೆದ ಮಾತ್ರಕ್ಕೆ ಆಸ್ಪತ್ರೆಯವರೇ ಗುರುಗಳಿಗೆ ತಿಳಿಸುತ್ತಾರೆಂದು ನಂಬಿ ಕೂರಬೇಡಿ. ತುರ್ತಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳೇ ಬರಲೆಂದು ಕಾಯುವುದೂ ಬೇಡ, ಆಸ್ಪತ್ರೆಗೆ ಹತ್ತಿರದ ಯಾವ ಗುರುಗಳಾದರೂ ಆಗುತ್ತದೆ. ಪ್ರಾಣ ಹೋದ ಮೇಲೆ ಅಭ್ಯಂಗವಿಲ್ಲ, ಸತ್ತವರಿಗಾಗಿ ಪ್ರಾರ್ಥನೆ ಮಾತ್ರ. ಪ್ರಾಣವಿದೆಯೋ ಇಲ್ಲವೋ ಎಂಬ ಸಂದೇಹವಿದ್ದರೆ ಮಾತ್ರ ಕೊಡಲೇಬೇಕು.

ಧರ್ಮಕೇಂದ್ರಗಳಿಗೆ ಇನ್ನೊಂದು ಮಾತು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು ಕಟ್ಟಿದ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುವುದನ್ನು ರೂಢಿ ಮಾಡಿಕೊಂಡರು. ಅಸ್ವಸ್ಥರ ಭೇಟಿಗೂ ಅದು ತಕ್ಕುದು: ಒಬ್ಬರು ಪ್ರಾರ್ಥನೆ ನಡೆಸುತ್ತಾರೆ, ಇನ್ನೊಬ್ಬರು ಆರೈಕೆ ಮಾಡುವವರ ಕಷ್ಟ ಕೇಳುತ್ತಾರೆ. ಆದರೆ ಹಣದ ನೆರವಿನ ವಿಚಾರಣೆ ಅದೇ ಹೊತ್ತಿನಲ್ಲಿ ಬೇಡ. ಪ್ರಸಾದ ತಂದವರೇ ಮನೆಯ ಸ್ಥಿತಿಗತಿ ಅಳೆಯುತ್ತಿದ್ದಾರೆ ಅನ್ನಿಸಿದರೆ ಅಸ್ವಸ್ಥರಿಗೆ ಬಾಯಿ ಕಟ್ಟುತ್ತದೆ. ಅಗತ್ಯವನ್ನು ಗುರುತಿಸಿಕೊಂಡು ಸಭೆಯವರಿಗೆ ದಾಟಿಸಿದರೆ ಸಾಕು. ಎಷ್ಟೋ ಸಲ ಆ ಮನೆಗೆ ಬೇಕಿರುವುದು ಹಣವಲ್ಲ, ಭಾನುವಾರ ಎರಡು ಗಂಟೆ ಹಾಸಿಗೆಯ ಪಕ್ಕ ಕೂರುವ ಒಬ್ಬರು. ಅವರು ಸಿಕ್ಕರೆ ಮಗಳು ಪೂಜೆಗೆ ಹೋಗಿಬರಬಹುದು.

ನಿಮ್ಮ ಅಮ್ಮನ ವಿಷಯ. ಅವರಿಗೆ ಗಂಭೀರ ಕಾಯಿಲೆ ಇಲ್ಲವೆಂದು ಬರೆದಿದ್ದೀರಿ, ಆದರೂ ಮೆಟ್ಟಿಲು ಇಳಿಯಲಾಗದಷ್ಟು ಬಲಗುಂದಿದ್ದಾರೆ. ಅಭ್ಯಂಗಕ್ಕೆ ಅಷ್ಟು ಸಾಕು. ಈ ವಾರವೇ ಧರ್ಮಕೇಂದ್ರದ ಕಚೇರಿಗೆ ಹೋಗಿ ಹೆಸರು, ವಿಳಾಸ, ಮಹಡಿ, ಲಿಫ್ಟ್ ಇದೆಯೇ, ಯಾವ ಹೊತ್ತು ಎಚ್ಚರವಿರುತ್ತಾರೆ, ಪ್ರಾರ್ಥನೆಯ ಭಾಷೆ ಯಾವುದು ಎಂದು ಬರೆದುಕೊಡಿ. ಗುರುಗಳು ಬರುವ ದಿನ ಗೊತ್ತಾದ ಕೂಡಲೇ ಅಮ್ಮನಿಗೆ ನೀವೇ ಹೇಳಿ, ಅಚ್ಚರಿಗೊಳಿಸಬೇಡಿ. ಪಾಪನಿವೇದನೆಯ ಹೊತ್ತಿಗೆ ಎಲ್ಲರೂ ಕೋಣೆಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಿ. ಅವರಿಗೆ ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಹಾಕಿಸಿ, ಗುರುಗಳಿಗೆ ಕುರ್ಚಿಯನ್ನು ಚೆನ್ನಾಗಿ ಕೇಳಿಸುವ ಕಿವಿಯ ಪಕ್ಕದಲ್ಲೇ ಇಡಿ.