ಮೊದಲು ‘ಥೂ’ ಅನ್ನಿ, ಆಮೇಲೆ ದುಡ್ಡು ಕಟ್ಟಿ

ಪ್ರಶ್ನೆ: ನಮ್ಮದೊಂದು ಫ್ಯಾನ್ಸಿ ಸ್ಟೋರ್ ಇದೆ. ದಲ್ಲಾಳಿಗಳ ಕೈಯಿಂದ ಮಾಲು ತಂದು ಸಾಕಾಗಿದೆ. ಮುಂದಿನ ವರ್ಷ ಚೀನಾದ ಈವೂ ಮಾರುಕಟ್ಟೆಗೆ ನಾನೇ ಹೋಗಬೇಕೆಂದಿದ್ದೇನೆ. ಚೀನೀ ಕಲಿಸುವ ಆಡಿಯೊ ಕೋರ್ಸ್ ಒಂದಕ್ಕೆ ವರ್ಷಕ್ಕೆ 14 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಅಂಗಡಿಗೆ ಸ್ಕೂಟರಿನಲ್ಲಿ ಹೋಗಿಬರುವಾಗ ಕೇಳಿಸಿಕೊಂಡರೂ ಸಾಕಂತೆ. ಮನೆಯವರು ಬೇಡ ಅನ್ನುತ್ತಿದ್ದಾರೆ. ಕಟ್ಟಲೇ?
– ಓದುಗರು, ಹುಬ್ಬಳ್ಳಿ

ಉತ್ತರ: ವರ್ಷದ್ದು ಬೇಡ. ಒಂದು ತಿಂಗಳದ್ದು ಕಟ್ಟಿ, ಅದೂ ಮೊದಲ ಪಾಠ ಪುಕ್ಕಟೆ ಕೇಳಿ ನೋಡಿದ ಮೇಲೆ. ಯಾಕೆ ಅನ್ನುವುದಕ್ಕೆ ನನ್ನ ಮೊಲದ ಕಥೆ ಹೇಳಬೇಕು.

ಚಿಕ್ಕಪೇಟೆಯಲ್ಲಿ ಹತ್ತು ವರ್ಷ ಹೇರ್‌ಕ್ಲಿಪ್, ಬಳೆಗಳ ಹೋಲ್‌ಸೇಲ್ ಮಾಡಿದವನು ನಾನು. ಮೊದಲ ಸಲ ಈವೂಗೆ ಹೊರಟಾಗ ಪುಸ್ತಕದಿಂದಲೇ ಕಲಿತಿದ್ದೆ. ಚೀನೀಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಓದಿ. ಮೊಲದಾಕಾರದ ಕ್ಲಿಪ್ ಬೇಕಿತ್ತು. ಪುಸ್ತಕದಲ್ಲಿ ‘ಟಿ’ ಅಕ್ಷರವಿತ್ತು, ನಾನು ನಮ್ಮ ತಕಾರ ಹಚ್ಚಿ ‘ತೂತ್ಸ, ತೂತ್ಸ’ ಅಂದೆ. ಅಂಗಡಿಯಾಕೆ ಗಾಬರಿಯಾಗಿ ಒಂದು ಲೋಟ ಬಿಸಿನೀರು ತಂದುಕೊಟ್ಟಳು. ‘ತೂತ್ಸ’ ಅಂದರೆ ಹೊಟ್ಟೆ. ಮೊಲ ‘ಥೂತ್ಸ’!

ಯಾರನ್ನಾದರೂ ‘ಥೂ!’ ಎಂದು ಉಗಿಯುವಾಗ ಬಾಯಿಂದ ಗಾಳಿ ಹೊರಡುತ್ತದಲ್ಲ, ದನಿ ಧೊಪ್ಪನೆ ಕೆಳಗೆ ಬೀಳುತ್ತದಲ್ಲ, ಆ ಎರಡೂ ಬೇಕು. ಆ ಬೀಳುವ ದನಿಯೇ ಚೀನೀಯ ನಾಲ್ಕನೆಯ ಸ್ವರ. (ಅ, ಆ, ಇ, ಈ ಅಲ್ಲ, ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ.) ಪಿನ್‌ಯಿನ್‌ನ ಬಿ, ಡಿ, ಜಿ ಅಂದರೆ ನಮ್ಮ ಪ, ತ, ಕ. ಅದರ ಪಿ, ಟಿ, ಕೆ ಅಂದರೆ ಫ, ಥ, ಖ. (ಫೋನಿನ ಫ ಅಲ್ಲ, ಮೇಷ್ಟ್ರು ತಿದ್ದಿಸಿದ ‘ಫಲ’ದ ಫ.) ಆದರೆ ಕೋರ್ಸುಗಳು ‘ಇಂಗ್ಲಿಷಿನ ಟಾಪ್‌ನಲ್ಲಿರುವ ಟಕಾರದಂತೆ’ ಎಂದು ಹೇಳಿ ಮುಂದೆ ಹೋಗುತ್ತವೆ. ಅಮೆರಿಕದವನ ‘ಟಾಪ್’ನಲ್ಲಿ ಗಾಳಿ ಇರುತ್ತದೆ, ನಮ್ಮದರಲ್ಲಿ ಇರುವುದಿಲ್ಲ. ಕನ್ನಡದಲ್ಲಿ ಮಹಾಪ್ರಾಣವನ್ನು ಬರೆಯುತ್ತೇವೆ, ಆಡುವಾಗ ನುಂಗುತ್ತೇವೆ. ಅಲ್ಲಿ ನುಂಗಿದರೆ ಬಿಸಿನೀರೇ ಗತಿ.

ಹಾಗಾಗಿ ಕಿವಿಯಿಂದ ಕಲಿಯುವುದಕ್ಕೆ ಬೆಲೆ ಇದೆ. ‘ನೀ ಹಾಓ’, ಅಂದರೆ ನಮಸ್ಕಾರ, ಅನ್ನುವುದನ್ನೇ ತೆಗೆದುಕೊಳ್ಳಿ. ಬರಹದಲ್ಲಿ ಎರಡಕ್ಕೂ ಇಳಿದೇರುವ ಮೂರನೆಯ ಸ್ವರದ ಗುರುತು, ಆಡುವಾಗ ಮೊದಲನೆಯದು ಏರುತ್ತದೆ. ಇದು ಕೇಳಿಯೇ ಬರಬೇಕು. ಸಂಖ್ಯೆಗಳಂತೂ ವ್ಯಾಪಾರಿಯ ಪ್ರಾಣ. ನಾಲ್ಕು ‘ಸ’ಕಾರದ್ದು, ಹತ್ತು ‘ಷ’ಕಾರದ್ದು. ಆದರೆ ದಕ್ಷಿಣದ ಎಷ್ಟೋ ಜನರ ಬಾಯಲ್ಲಿ, ನಮ್ಮ ಶಂಕರ ಸಂಕರನಾದ ಹಾಗೆ, ಎರಡೂ ‘ಸ’ಕಾರವೇ. ಆಗ ದನಿ ಬಿದ್ದರೆ ನಾಲ್ಕು, ಏರಿದರೆ ಹತ್ತು. ಅಂಗಡಿಯವರು ಕ್ಯಾಲ್ಕುಲೇಟರ್ ಎತ್ತಿ ತೋರಿಸುತ್ತಾರೆ, ದೇವರು ದೊಡ್ಡವನು.

ಪುಕ್ಕಟೆ ಪಾಠದಲ್ಲಿ ಮುಖ್ಯವಾಗಿ ನೋಡಬೇಕಾದ್ದು: ಪ್ರಶ್ನೆ ಕೇಳಿ, ನಿಮ್ಮ ಉತ್ತರಕ್ಕೆ ಬಿಡುವು ಕೊಡುತ್ತಾರೆಯೇ? ಕಲಿತ ಮಾತನ್ನು ಮತ್ತೆ ಮತ್ತೆ ಕೆದಕುತ್ತಾರೆಯೇ? ಪಾಲ್ ಪಿಮ್ಸ್ಲರ್ ಎಂಬ ಅಮೆರಿಕದ ಭಾಷಾ ಮೇಷ್ಟ್ರು 1967ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದರು: ಹೊಸ ಪದವನ್ನು 5 ಸೆಕೆಂಡಿಗೆ, 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ, ಹೀಗೆ ಅಂತರ ಹೆಚ್ಚಿಸುತ್ತಾ ನೆನಪಿಸಬೇಕು. ಇಬ್ಬರು ನಿರೂಪಕರು ತಮ್ಮತಮ್ಮಲ್ಲೇ ಹರಟುವ ಕೋರ್ಸಾದರೆ ಅದು ರೇಡಿಯೊ. ಅದಕ್ಕೆ ದುಡ್ಡು ದಂಡ.

ಸ್ಕೂಟರಿನ ಮಾತು ಬಿಡಿ. ಜೋರಾಗಿ ಉತ್ತರಿಸದಿದ್ದರೆ ಏನೂ ಅಂಟುವುದಿಲ್ಲ, ಉತ್ತರಿಸುತ್ತಾ ಹೋದರೆ ಬಸ್ಸಿಗೆ ಗುದ್ದುತ್ತೀರಿ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅರ್ಧ ಗಂಟೆ ಶಟರ್ ಒಳಗೆ ಕೂತು ಕೂಗಿ.

ಓದುವುದನ್ನು ಮಾತ್ರ ಆಡಿಯೊ ಕಲಿಸದು. ‘ಅವನು’, ‘ಅವಳು’ ಎರಡೂ ‘ಥಾ’, ಬರೆಯುವ ಅಕ್ಷರ ಬೇರೆ. ಗಂಡಸರ ಶೌಚಾಲಯದ ಅಕ್ಷರವನ್ನಾದರೂ ಗುರುತು ಮಾಡಿಕೊಂಡು ಹೋಗಿ. ಅಲ್ಲಿನವರ ವಾಟ್ಸಾಪ್‌ನಂಥ ವೀಚಾಟ್‌ನಲ್ಲಿ ಬರುವ ಮೆಸೇಜುಗಳನ್ನು ಫೋನೇ ಅನುವಾದಿಸಿಕೊಡುತ್ತದೆ.

ತಿಂಗಳ ಕೊನೆಗೆ ‘ಥಾಯ್ ಕುಯ್ ಲ’ ಅನ್ನುವುದು ತಡವರಿಸದೆ ಬಂದರೆ ಮುಂದಿನ ತಿಂಗಳದ್ದೂ ಕಟ್ಟಿ. ‘ತೀರಾ ದುಬಾರಿಯಾಯ್ತು’ ಎಂದರ್ಥ. 14 ಸಾವಿರ ಕೇಳಿದವರ ಮೇಲೇ ಮೊದಲು ಪ್ರಯೋಗಿಸಬಹುದು.