ಮಷಿನ್ ಸದ್ದು ನಿಂತಾಗ

ನಾನು ಆಪ್ತಸಲಹೆಗಾರ್ತಿ. ಕೆಲಸದ ಒತ್ತಡದಿಂದ ನಿದ್ದೆಗೆಟ್ಟವರು ನನ್ನ ಬಳಿ ಬರುವುದು ಇದೇ ಮೊದಲಲ್ಲ. ಕಸುಬು ಬೇರೆ ಬೇರೆ, ಗೋಳು ಒಂದೇ. ಈ ಸಲ ಬಂದವರು ಪುಸ್ತಕ ಮುದ್ರಿಸುವ ಕಾರ್ಖಾನೆಯೊಂದರ ಪ್ರೊಡಕ್ಷನ್ ಮ್ಯಾನೇಜರ್. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಿದ್ದೆಯಿಲ್ಲ, ಮನೆಯಲ್ಲಿ ಸಿಡುಕು, ಕೆಲಸದಲ್ಲಿ ಮಾಲೀಕರ ಬೈಗುಳ.

ಎರಡು ಭೇಟಿ ನಿದ್ದೆಯ ಮಾತಲ್ಲೇ ಕಳೆದವು. ಮೂರನೆಯ ಸಲ ಅವರೆಂದರು: "ಮೇಡಂ, ಮಷಿನ್ ಸದ್ದು ನಿಂತರೆ ಎದೆ ಧಸಕ್ ಅನ್ನುತ್ತೆ. ಒಂದು ನಿಮಿಷ ನಿಲ್ಲಿಸೋಕೂ ನಾನು ಬಿಡಲ್ಲ."

ಪ್ರೆಸ್ಸಿನ ಗಂಧಗಾಳಿ ನನಗಿಲ್ಲ. "ಹಾಗೆ ಅಚ್ಚಾದ ಹಾಳೆಗಳೆಲ್ಲ ಎಲ್ಲಿಗೆ ಹೋಗುತ್ತವೆ?" ಎಂದು ಸುಮ್ನೆ ಕೇಳಿದೆ.

ಅವರು ಉತ್ಸಾಹದಿಂದ ವಿವರಿಸತೊಡಗಿದರು. ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪಿಗೆ ಫಾರಂ ಅನ್ನುತ್ತಾರೆ. 256 ಪುಟದ ಪುಸ್ತಕವೆಂದರೆ 16 ಪುಟಗಳ 16 ಫಾರಂ. ಫಾರಂ ಬದಲಾದಾಗಲೆಲ್ಲ ಪ್ಲೇಟ್ (ಅಚ್ಚಿನ ತಗಡು) ಬದಲಿಸಿ ಇಂಕ್ ಹೊಂದಿಸಬೇಕು, ಅಷ್ಟು ಹೊತ್ತು ಮಷಿನ್ ನಿಲ್ಲುತ್ತೆ. ಅದನ್ನು ತಪ್ಪಿಸಲು ಇವರು ಒಂದೇ ಫಾರಂ ಅನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊಡೆಸುತ್ತಿದ್ದರು. ಅಚ್ಚಾದದ್ದು ಬೈಂಡಿಂಗ್ ಮುಂದೆ ಗುಡ್ಡೆ. ಅಲ್ಲಿ ಮಡಚುವ ಮಷಿನ್ ಇರುವುದೇ ಒಂದು. ಇಂಕ್ ಒಣಗುವ ಮೊದಲೇ ಅವಸರದಲ್ಲಿ ಮಡಚಿದರೆ ಎದುರು ಪುಟಕ್ಕೆ ಕಲೆ.

ಹೇಳುತ್ತಾ ಹೇಳುತ್ತಾ ಮಾತು ನಿಲ್ಲಿಸಿದರು.

"15 ಫಾರಂ ರೆಡಿ ಇದ್ದು ಒಂದು ಇಲ್ಲ ಅಂದ್ರೆ ಪುಸ್ತಕ ಸೊನ್ನೆ, ಅಲ್ವಾ ಮೇಡಂ? ನಾನು ದಿನಾ ಇಂಪ್ರೆಷನ್, ಅಂದ್ರೆ ಮಷಿನ್ ಎಷ್ಟು ಸಲ ಅಚ್ಚು ಹೊಡೀತು ಅನ್ನೋದನ್ನ ಎಣಿಸ್ತಿದ್ದೆ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೊರಬಂತು. ಹಿಂದಿನ ವಾರ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರದ್ದನ್ನು ಆಪರೇಟರ್ ಕಂಡಿದ್ದ. ಆದರೂ ನಿಲ್ಲಿಸಲಿಲ್ಲ. ರಾಶಿ ಹಾಳೆ ರದ್ದಿಗೆ ಹೋಯಿತು. "ನನಗೆ ಹೆದರಿ ಸುಮ್ಮನಿದ್ದ."

ಎರಡು ವಾರ ಕಾರ್ಖಾನೆಯ ಹಲಗೆಯ ಮೇಲೆ ಒಂದೇ ಅಂಕಿ ಬರೆಯಿರಿ ಎಂದೆ: ಬೈಂಡಿಂಗ್ ಮುಗಿಸಿ ಹೊರಬಿದ್ದ ಪುಸ್ತಕಗಳು. ಮಷಿನ್ ನಿಲ್ಲಿಸಿದವನನ್ನು 'ಯಾಕೆ ನಿಲ್ಲಿಸಿದೆ' ಅನ್ನಬೇಡಿ, 'ಏನು ಕಂಡೆ' ಅನ್ನಿ. ಮುದ್ರಣದ ವೇಗವನ್ನು ಮಡಚುವ ಮಷಿನ್ನಿಗೆ ಹೊಂದಿಸುವುದು, ಒಂದು ಫಾರಂ ಓಡುವಾಗಲೇ ಮುಂದಿನದರ ಪ್ಲೇಟ್, ಕಾಗದ ಪಕ್ಕಕ್ಕೆ ತಂದಿಡುವುದು, ಇವೆಲ್ಲ ಅವರೇ ಹೇಳಿದ್ದು. ನಾನು ಬರೆದುಕೊಟ್ಟೆ, ಅಷ್ಟೆ.

ಇದೇನು ಆಪ್ತಸಲಹೆಯೋ ಕಾರ್ಖಾನೆ ಸಲಹೆಯೋ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. ಉಸಿರಾಟದ ಅಭ್ಯಾಸ ಮೊದಲ ಭೇಟಿಯಲ್ಲೇ ಹೇಳಿಕೊಟ್ಟಿದ್ದೆ. ಬೆಳಗಾದರೆ ಅದೇ ತಪ್ಪು ಲೆಕ್ಕದ ಮುಂದೆ ನಿಲ್ಲಬೇಕಾದವರನ್ನು ಅದು ಎಷ್ಟು ದಿನ ಕಾಪಾಡೀತು? ಹೆದರಿದವರು ಕಿವಿಗೆ ಕೇಳುವುದನ್ನೇ ಎಣಿಸುತ್ತಾರೆ. ಓಡುವ ಮಷಿನ್ ಕೇಳಿಸುತ್ತೆ, ಬಿದ್ದಿರುವ ಗುಡ್ಡೆ ಕೇಳಿಸುವುದಿಲ್ಲ. ಹಾಗಾಗಿ ನಾನು ಈಗ ಯಾರು ಬಂದರೂ 'ದಿನಾ ಏನನ್ನು ಎಣಿಸುತ್ತೀರಿ?' ಎಂದು ಮೊದಲೇ ಕೇಳುತ್ತೇನೆ.

ಮುಂದಿನ ಭೇಟಿಗೆ ಬಂದಾಗ ಹೇಳಿದರು: ಆ ವಾರ ಆಪರೇಟರ್ ಮೂರು ಸಲ ಮಷಿನ್ ನಿಲ್ಲಿಸಿದನಂತೆ. "ಧಸಕ್ ಅಂತು ಮೇಡಂ. ಆದರೆ ಮಷಿನ್ ಹತ್ರ ಓಡಿಹೋಗಲಿಲ್ಲ. ಕುರ್ಚಿ ಹಿಡ್ಕೊಂಡು ಕೂತಿದ್ದೆ." ಮಾಲೀಕರು ಹಲಗೆ ನೋಡಿ ಇನ್ನೂ ಏನೂ ಅಂದಿಲ್ಲ.